ಸಿಂಗಳೀಕ ಮತ್ತು ಉಪ್ಪಾಗೆ: ಒಂದು ಹೋಲಿಕೆ

ಉತ್ತರ ಕನ್ನಡ ಜಿಲ್ಲೆಯ ಸಿರ್ಸಿ, ಸಿದ್ದಾಪುರ, ಹೊನ್ನಾವರ ತಾಲ್ಲೂಕುಗಳ ಘಟ್ಟದ ಕಾಡಿನಲ್ಲಿ ಮಳೆಗಾಲ ಬಂತೆಂದರೆ ಉಪ್ಪಾಗೆ ಹಣ್ಣಿಗೆ ಇಬ್ಬರು ಹಕ್ಕುದಾರರು: ಒಬ್ಬ ರೈತ, ಇನ್ನೊಂದು ಸಿಂಗಳೀಕ. ಒಂದು ಪ್ರಾಣಿ, ಇನ್ನೊಂದು ಮರವಾದರೂ ಸಿಂಗಳೀಕ (ಮಕಾಕ ಸೈಲೀನಸ್) ಮತ್ತು ಉಪ್ಪಾಗೆಗಳ (ಗಾರ್ಸಿನಿಯ ಗಮ್ಮಿ-ಗಟ್ಟ) ಬಾಳುವೆಯಲ್ಲಿ ಹಲವು ಸಾಮ್ಯಗಳಿವೆ. ಇವನ್ನು ಅರಿತರೆ ಕೊಯ್ಲಿನ ಕ್ರಮವೂ ತಿಳಿಯುತ್ತದೆ.

ಸಾಮ್ಯಗಳು

1. ನೆಲೆ: ಎರಡೂ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನವು. ಸಿಂಗಳೀಕವಂತೂ ಪ್ರಪಂಚದ ಬೇರಾವ ಕಾಡಿನಲ್ಲೂ ಇಲ್ಲ.

2. ನಿಧಾನ ವಂಶಾಭಿವೃದ್ಧಿ: ಹೆಣ್ಣು ಸಿಂಗಳೀಕ 5–6 ವರ್ಷ ತುಂಬಿದ ಮೇಲೆಯೇ ಮರಿ ಹಾಕುತ್ತದೆ. ಗರ್ಭಾವಧಿ ಸುಮಾರು 6 ತಿಂಗಳು. ಸಾಮಾನ್ಯವಾಗಿ ಒಂದೇ ಮರಿ. ಉಪ್ಪಾಗೆ ಬೀಜ ಮೊಳೆಯಲು ಹಲವು ತಿಂಗಳು ಬೇಕು. ಬೀಜದ ಸಸಿ ಫಲ ಕೊಡಲು ಸುಮಾರು 10 ವರ್ಷ ಹಿಡಿಯುತ್ತದೆ. ಆದ್ದರಿಂದ ಒಮ್ಮೆ ಕಳೆದುಕೊಂಡದ್ದು ಬೇಗ ತುಂಬಿ ಬರುವುದಿಲ್ಲ.

3. ಗಂಡು-ಹೆಣ್ಣು: ಉಪ್ಪಾಗೆಯಲ್ಲೂ ಸಾಮಾನ್ಯವಾಗಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಕಾಯಿ ಬಿಡದೆಂದು ಗಂಡು ಮರಗಳನ್ನೆಲ್ಲ ಕಡಿಯುವುದು ತಪ್ಪು. ಹೆಣ್ಣು ಹೂಗಳಿಗೆ ಪರಾಗ ಒದಗಿಸುವುದು ಅವೇ.

ವ್ಯತ್ಯಾಸ

ಮರ ನಿಂತಲ್ಲೇ ನಿಲ್ಲುತ್ತದೆ. ಅದರ ಬೀಜ ದೂರ ಹೋಗಲು ಪ್ರಾಣಿಗಳ ನೆರವು ಬೇಕು. ಸಿಂಗಳೀಕ ಹಣ್ಣನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಹೋಗಿ ಬೀಜವನ್ನು ಬೇರೆಡೆ ಉಗುಳಬಲ್ಲದು. ಆದರೆ ಮರದಿಂದ ಮರಕ್ಕೆ ಸಾಗುವ ಈ ಕೋತಿಗೆ ಕೊಂಬೆಗಳ ದಾರಿ ಕಡಿದರೆ ಸಂಚಾರ ಕಷ್ಟ.

ತೊಂದರೆ ಎಲ್ಲಿ?

1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲಕ್ಕೆ ಹೊರದೇಶಗಳಲ್ಲಿ ಬೇಡಿಕೆ ಬಂದು ಧಾರಣೆ ಏರಿತು. ಇನ್ನೊಬ್ಬರು ಕೊಯ್ದಾರೆಂಬ ಆತುರದಲ್ಲಿ ಎಳೆಗಾಯಿ ಕೀಳುವುದು, ಕೊಂಬೆ ಕಡಿಯುವುದು ನಡೆಯಿತು. ಮಳೆಯಲ್ಲಿ ಸಿಪ್ಪೆ ಒಣಗಿಸಲು ಸೌದೆಯೂ ಹೇರಳವಾಗಿ ಬೇಕು. ಹೀಗೆ ಕೋತಿಯ ಆಹಾರ, ಮರದ ಮುಂದಿನ ಪೀಳಿಗೆ, ರೈತನ ಮುಂದಿನ ವರ್ಷದ ಆದಾಯ ಮೂರೂ ಒಟ್ಟಿಗೆ ಕುಗ್ಗುತ್ತವೆ. ಈ ಭಾಗದ ಸಿಂಗಳೀಕಗಳ ರಕ್ಷಣೆಗೆಂದು ಸರ್ಕಾರ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶವನ್ನೂ, 2019ರಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯವನ್ನೂ ಘೋಷಿಸಿದೆ.

ರೈತರು ಗಮನಿಸಬೇಕಾದ ಅಂಶಗಳು

* ಕಾಡಿನ ಕೊಯ್ಲಿಗೆ ಮುನ್ನ ಅರಣ್ಯ ಇಲಾಖೆಯ ನಿಯಮ ತಿಳಿದುಕೊಳ್ಳಬೇಕು.
* ಹಳದಿಗೆ ತಿರುಗಿದ ಹಣ್ಣನ್ನೇ ಕೊಯ್ಯಬೇಕು, ಕೊಂಬೆ ಕಡಿಯಬಾರದು.
* ಪ್ರತಿ ಮರದಲ್ಲೂ ಸ್ವಲ್ಪ ಹಣ್ಣು ಉಳಿಸಬೇಕು.
* ಬೆಟ್ಟ ಮತ್ತು ತೋಟದ ಅಂಚಿನಲ್ಲಿ ಹೆಣ್ಣು ಮರದ ಕಸಿ ಗಿಡ ನೆಡಬೇಕು. ಇವು ಬೀಜದ ಸಸಿಗಿಂತ ಬೇಗ ಫಲ ಕೊಡುತ್ತವೆ.
* ಸೌದೆ ಉಳಿಸುವ ಸುಧಾರಿತ ಒಲೆಯಲ್ಲಿ ಸಿಪ್ಪೆ ಒಣಗಿಸಬೇಕು.

ತೋಟದಲ್ಲಿ ಬೆಳೆದ ಪ್ರತಿಯೊಂದು ಕಸಿ ಉಪ್ಪಾಗೆಯೂ ಕಾಡಿನ ಮರದ ಮೇಲಿನ ಭಾರವನ್ನು ಅಷ್ಟರಮಟ್ಟಿಗೆ ಇಳಿಸುತ್ತದೆ.