ಕಬ್ಬಿಣದ ಕಾವಲುಗಾರರು

ಮಕ್ಕಳೇ, ದೋಸೆ ಕಾವಲಿಯಲ್ಲಿರುವ ಕಬ್ಬಿಣ ನಮ್ಮ ಮೈಯಲ್ಲೂ ಇದೆ. ದೊಡ್ಡವರಲ್ಲಿ ಅದು ಸುಮಾರು 3ರಿಂದ 4 ಗ್ರಾಂ ಮಾತ್ರ. ರಕ್ತ ಆಮ್ಲಜನಕವನ್ನು ಹೊರಲು, ಜೀವಕೋಶಗಳು ಶಕ್ತಿ ತಯಾರಿಸಲು ಅದು ಬೇಕೇ ಬೇಕು. ಆದರೆ ಕಟ್ಟಿಲ್ಲದೆ ಅಲೆಯುವ ಕಬ್ಬಿಣ ಜೀವಕೋಶಗಳನ್ನು ಕೆಡಿಸಿ ಉರಿಯೂತ ಹೆಚ್ಚಿಸುತ್ತದೆ. ಅದಕ್ಕೇ ದೇಹದಲ್ಲಿ ಕಾವಲಿಗೆ ಪ್ರೋಟೀನುಗಳಿವೆ.

ರಕ್ತದಲ್ಲಿ ಕಬ್ಬಿಣ ಸಾಗಿಸುವ ಬಂಡಿ ಟ್ರಾನ್ಸ್‌ಫೆರಿನ್. ಒಂದು ಬಂಡಿಗೆ ಎರಡೇ ಪರಮಾಣು. ಕೂಡಿಡುವ ಕಣಜ ಫೆರಿಟಿನ್. ಒಂದು ಕಣಜದಲ್ಲಿ ಸುಮಾರು 4500 ಪರಮಾಣುಗಳವರೆಗೆ ಹಿಡಿಸುತ್ತವೆ. ತಾಯಿಯ ಹಾಲಿನಲ್ಲಿ, ಕಣ್ಣೀರಿನಲ್ಲಿ ಇರುವ ಲ್ಯಾಕ್ಟೊಫೆರಿನ್ ರೋಗಾಣುಗಳಿಗೆ ಕಬ್ಬಿಣ ಸಿಗದಂತೆ ನೋಡಿಕೊಳ್ಳುತ್ತದೆ.

ಏಕೆಂದರೆ ರೋಗಾಣುಗಳು ಬೆಳೆಯಲೂ ಕಬ್ಬಿಣ ಬೇಕು. ಸೋಂಕು ತಗಲಿದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಆಗ ಕರುಳಿನಿಂದಲೂ ಕಣಜದಿಂದಲೂ ರಕ್ತಕ್ಕೆ ಬರುವ ಕಬ್ಬಿಣ ತಗ್ಗುತ್ತದೆ. ರಕ್ತದಲ್ಲಿ ಫೆರಿಟಿನ್ ಮಟ್ಟ ಏರುತ್ತದೆ.

ಪೋಷಕರೇ, ಇದನ್ನು ನಾವು ನೆನಪಿಡೋಣ. ಜ್ವರದ ದಿನಗಳ ರಕ್ತಪರೀಕ್ಷೆಯಲ್ಲಿ ಫೆರಿಟಿನ್ ಸರಿಯಾಗಿ ಕಂಡರೂ ಮಗುವಿಗೆ ಕಬ್ಬಿಣದ ಕೊರತೆ ಇರಬಹುದು. ಆದ್ದರಿಂದ ಇತ್ತೀಚೆಗೆ ಜ್ವರ ಬಂದಿದ್ದರೆ ವೈದ್ಯರಿಗೆ ತಪ್ಪದೆ ಹೇಳೋಣ; ಅವರನ್ನು ಕೇಳದೆ ಕಬ್ಬಿಣದ ಮಾತ್ರೆ ಕೊಡುವುದು ಬೇಡ. ದಿನದ ಊಟದಲ್ಲಿ ಕಾಳು, ಸೊಪ್ಪು, ಜೊತೆಗೆ ನಿಂಬೆರಸ ಇರಲಿ. ನಿಂಬೆಯ ಸಿ ಜೀವಸತ್ವ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ.