ಮನಸ್ಸಿನ ಕಾಯಿಲೆಗೆ ಮನೆಯಲ್ಲಿದ್ದೇ ಚಿಕಿತ್ಸೆ

ಎತ್ತು ಮೇವು ಬಿಟ್ಟರೆ ಅದೇ ದಿನ ದನದ ಡಾಕ್ಟರನ್ನು ಕರೀತೇವೆ. ನನ್ನ ತಮ್ಮ ಊಟ, ನಿದ್ದೆ ಬಿಟ್ಟು ಎರಡು ತಿಂಗಳಾದರೂ 'ಸೋಮಾರಿಯಾದ' ಅಂತ ಬೈಯುತ್ತಾ ಕೂತಿದ್ದೆವು. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ಅದು. ಒಂದು ರಾತ್ರಿ 'ನಾನಿದ್ದು ಏನು ಪ್ರಯೋಜನ ಅಣ್ಣಾ' ಅಂದ. ಆಗ ನನಗೆ ಎಚ್ಚರವಾಯಿತು. ಬೆಳೆಗೆ ಹೊಡೆಯುವ ಎಣ್ಣೆ ಡಬ್ಬಿಗಳನ್ನೆಲ್ಲ ಅವನ ಮನೆಯಿಂದ ತಂದು ಬೀಗ ಹಾಕಿದೆ. ಬೆಳಿಗ್ಗೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದೆ.

ಅಲ್ಲೇ ಸೇರಿಸಿಕೊಂಡರೆ ಹೊಲ ಯಾರು ನೋಡೋದು, ಊರವರು ಏನಂದಾರು ಅಂತ ಹೆದರಿಕೆ ಇತ್ತು. ಹಾಗಾಗಲಿಲ್ಲ. ಡಾಕ್ಟರು ಅವನನ್ನು ಒಬ್ಬನೇ ಕೂರಿಸಿಕೊಂಡು ಮಾತಾಡಿದರು, ರಕ್ತ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದರು. 'ಇದು ಖಿನ್ನತೆ. ಮನೆಯವರು ಜೊತೆಗಿದ್ದರೆ ಮನೆಯಲ್ಲಿದ್ದೇ ವಾಸಿ ಮಾಡಬಹುದು. ಆದರೆ ವಾರಕ್ಕೊಮ್ಮೆ ತಪ್ಪದೆ ಬರಬೇಕು' ಅಂದರು. ಹೋದಾಗಲೆಲ್ಲ ಮಾತ್ರೆಯ ಜೊತೆ ಆಪ್ತಸಮಾಲೋಚನೆಯೂ ಇರುತ್ತಿತ್ತು. ಗುಣ ಕಂಡ ಮೇಲೆ ತಿಂಗಳಿಗೊಮ್ಮೆ ಬಂದರೆ ಸಾಕೆಂದರು.

ನಾವು ಕಲಿತದ್ದು ಇಷ್ಟು:

1. ಮಾತ್ರೆ ನುಂಗಿದ ಮರುದಿನವೇ ಗುಣ ಕಾಣದು. 2ರಿಂದ 4 ವಾರ ಬೇಕು. ಮೊದಲು ವಾಕರಿಕೆ, ಮಂಪರು ಬರಬಹುದು. ಅದನ್ನು ಡಾಕ್ಟರಿಗೆ ಹೇಳಿ, ಮಾತ್ರೆ ಬಿಡಬೇಡಿ.

2. ಗುಣವಾದ ಮೇಲೂ ಕನಿಷ್ಠ 6 ತಿಂಗಳು ಮಾತ್ರೆ ಮುಂದುವರಿಸಬೇಕು. ನಾವು ಇಲ್ಲೇ ತಪ್ಪಿದೆವು. ಮೂರನೇ ತಿಂಗಳಿಗೆ ಬಿತ್ತನೆ ಗಡಿಬಿಡಿಯಲ್ಲಿ ನಿಲ್ಲಿಸಿದೆವು. ಕಳೆ ಕೊಯ್ದು ಬೇರು ಬಿಟ್ಟ ಹಾಗಾಯಿತು, ಕಾಯಿಲೆ ಮರಳಿತು. ಮತ್ತೆ ಮೊದಲಿನಿಂದ ಶುರು.

3. ಚಿಕಿತ್ಸೆ ನಡೆಯುವಾಗ ಕುಡಿತ ಬೇಡ.

4. ಸಾಯುವ ಮಾತು ಬಲವಾದರೆ, ಅನ್ನ ನೀರು ಬಿಟ್ಟರೆ ಮನೆಯಲ್ಲಿ ಇಟ್ಟುಕೊಳ್ಳಬಾರದು, ಒಂಟಿಯಾಗಿಯೂ ಬಿಡಬಾರದು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಊರಿನ ಹತ್ತಿರವೇ ಇಂಥ ಚಿಕಿತ್ಸೆ ಸಿಗಬೇಕೆಂದು ನಿಮ್ಹಾನ್ಸ್‌ನವರು 1985ರಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟು ಪ್ರಯೋಗ ಮಾಡಿದ್ದರಂತೆ. ಅದೇ ಮಾದರಿಯಲ್ಲಿ 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ಕಾರ್ಯಕ್ರಮ ಹೋಯಿತು. ನಮಗೇ ಗೊತ್ತಿರಲಿಲ್ಲ! ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ವಾರ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೋಗಲು ಸಂಕೋಚವಾದರೆ ಮೊದಲು 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ತಮ್ಮ ಈ ಸಲ ತೊಗರಿ ಬಿತ್ತಿದ್ದಾನೆ. ಅವನನ್ನು ಕೇಳಿಯೇ ಇದನ್ನು ಬರೆದಿದ್ದೇನೆ. 'ಎರಡು ತಿಂಗಳು ತಡ ಮಾಡಿದಿರಿ, ಅದನ್ನೂ ಬರಿ' ಅಂದ.