‘ಪಾಕೀಜಾ’ ಚಿತ್ರದ ಗೀತೆಗಳು: ಮೆಹಫಿಲ್, ಕೇಳುಗ ಮತ್ತು ಹೆಣ್ಣಿನ ದನಿ

ಹಿಂದಿ ಚಲನಚಿತ್ರಗೀತೆಗಳನ್ನು ಕಥೆಯಿಂದ ಬಿಡಿಸಿಕೊಂಡು ಅವುಗಳ ಮಾಧುರ್ಯವನ್ನಷ್ಟೇ ಮೆಚ್ಚುವ ರೂಢಿ ಬಲವಾಗಿದೆ. ಕಮಾಲ್ ಅಮ್ರೋಹಿ ನಿರ್ದೇಶನದ ‘ಪಾಕೀಜಾ’ (1972) ಈ ರೂಢಿಗೆ ಒಳಗಾದ ಚಿತ್ರಗಳಲ್ಲೊಂದು. ಆದರೆ ಇಲ್ಲಿ ಯಾರು, ಯಾರ ಎದುರು, ಯಾರಿಗಾಗಿ ಹಾಡುತ್ತಾರೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದರೆ, ಗೀತೆಗಳು ಕಥೆಯ ಅಲಂಕಾರಗಳಾಗಿರದೆ ಅದರ ವಾದವೇ ಆಗಿರುವುದು ಕಾಣುತ್ತದೆ. ಆ ವಾದದ ಸ್ವರೂಪವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1950ರ ದಶಕದಲ್ಲಿ ಆರಂಭವಾದ ಚಿತ್ರ ತೆರೆಕಂಡದ್ದು 1972ರ ಫೆಬ್ರವರಿಯಲ್ಲಿ. ಸಂಗೀತ ನಿರ್ದೇಶಕ ಗುಲಾಂ ಮೊಹಮ್ಮದ್ 1968ರಲ್ಲಿಯೇ ತೀರಿಕೊಂಡಿದ್ದರು. ಹಿನ್ನೆಲೆ ಸಂಗೀತವನ್ನು ನೌಷಾದ್ ಪೂರ್ಣಗೊಳಿಸಿದರು. ನಾಯಕಿ ಮೀನಾ ಕುಮಾರಿ ಬಿಡುಗಡೆಯ ಮರುತಿಂಗಳೇ, ಮಾರ್ಚ್ 31ರಂದು ನಿಧನರಾದರು. ಮುಖ್ಯ ಗೀತೆಗಳು ಲತಾ ಮಂಗೇಶ್ಕರ್ ಅವರ ಕಂಠದಲ್ಲಿದ್ದರೆ, ಹಿನ್ನೆಲೆಯಲ್ಲಿ ರಾಜಕುಮಾರಿ, ಪರ್ವೀನ್ ಸುಲ್ತಾನಾ, ವಾಣಿ ಜಯರಾಂ ಅವರ ದನಿಗಳು ಕೇಳಿಬರುತ್ತವೆ. ಕೋಠಾ ಎಂಬುದು ಒಬ್ಬಳ ಕಥೆಯಲ್ಲ, ಹಲವು ಹೆಣ್ಣುಗಳ ಪರಂಪರೆ ಎಂಬುದನ್ನು ಈ ಬಹುಕಂಠವೇ ಸೂಚಿಸುತ್ತದೆ.

‘ಇನ್ಹೀ ಲೋಗೋಂ ನೇ’ ಗೀತೆಯಲ್ಲಿ ಸಾಹಿಬ್‌ಜಾನ್ ತನ್ನ ಸೆರಗನ್ನು ಕಿತ್ತುಕೊಂಡವರ ಮೇಲೆ ದೂರು ಹೇಳುತ್ತಾಳೆ. ಬಟ್ಟೆ ಮಾರಿದವನನ್ನೂ ಬಣ್ಣ ಹಾಕಿದವನನ್ನೂ ಸಾಕ್ಷಿಗೆ ಕರೆಯುತ್ತಾಳೆ. ಮಾನಭಂಗದ ಈ ದೂರು ಸಲ್ಲುವುದು ಹಣ ಕೊಟ್ಟು ಕೇಳಲು ಕುಳಿತ ಗಂಡಸರ ಮುಂದೆಯೇ. ಆರೋಪಿಯೇ ರಸಿಕನಾಗಿ ತಲೆದೂಗುವ ಈ ವ್ಯಂಗ್ಯವನ್ನು ದೃಶ್ಯ ಇನ್ನಷ್ಟು ಹಿಗ್ಗಿಸುತ್ತದೆ: ಆಕೆಯ ಹಿಂದೆ, ಬೀದಿಯ ಉಳಿದ ಮಹಡಿಗಳಲ್ಲಿಯೂ ನರ್ತಕಿಯರು ಕುಣಿಯುತ್ತಿರುತ್ತಾರೆ. ಒಬ್ಬಳ ದೂರು ಇಡೀ ಬೀದಿಯ ದೂರಾಗುತ್ತದೆ.

ಕೈಫಿ ಆಜ್ಮಿ ರಚಿಸಿದ ‘ಚಲ್ತೇ ಚಲ್ತೇ’ ಗೀತೆಗೆ ಇಬ್ಬರು ಕೇಳುಗರಿದ್ದಾರೆ. ಎದುರಿಗಿರುವವನು ಧನಿಕ, ಮನಸ್ಸಿನಲ್ಲಿರುವವನು, ರೈಲಿನಲ್ಲಿ ನಿದ್ರಿಸುತ್ತಿದ್ದ ತನ್ನ ಪಾದಗಳನ್ನು ಹೊಗಳಿ ಚೀಟಿ ಬರೆದಿಟ್ಟು ಹೋದ ಅಪರಿಚಿತ. ಗೀತೆಯ ಕೊನೆಗೆ ರೈಲಿನ ಸಿಳ್ಳು ಕೇಳಿಸುತ್ತದೆ. ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಇದು ಉದ್ದೀಪನ ವಿಭಾವ. ಆದರೆ ಬೆಳುದಿಂಗಳು, ಕೋಗಿಲೆಗಳ ಸ್ಥಾನದಲ್ಲಿ ಯಂತ್ರದ ಕೂಗು ನಿಂತಿರುವುದು ಗಮನಾರ್ಹ. ಮೆಹಫಿಲಿನಲ್ಲಿ ಕುಳಿತವರಿಗೆ ಅದು ಕೇವಲ ಸದ್ದು. ಹಾಡುವವಳಿಗೆ ಮಾತ್ರ ಅರ್ಥ. ಕೊಳ್ಳಲಾಗದ ಒಂದು ಅರ್ಥ ಹೀಗೆ ಮಾರಾಟದ ನಡುವೆಯೇ ಉಳಿದುಕೊಳ್ಳುತ್ತದೆ.

ಇದಕ್ಕೆ ವಿರುದ್ಧ ನೆಲೆಯಲ್ಲಿರುವುದು ‘ಮೌಸಂ ಹೈ ಆಶಿಕಾನಾ’. ಅರಣ್ಯಾಧಿಕಾರಿ ಸಲೀಮನ ಡೇರೆಯ ಬಳಿ, ಅವನಿಲ್ಲದ ವೇಳೆಯಲ್ಲಿ ಸಾಹಿಬ್‌ಜಾನ್ ಇದನ್ನು ಹಾಡುತ್ತಾಳೆ. ಸಭೆಯಿಲ್ಲ, ಗೆಜ್ಜೆಯಿಲ್ಲ, ಹಣವಿಲ್ಲ. ಕೇಳುಗನಿಲ್ಲದ ಈ ಹಾಡಿನಲ್ಲಿ ದನಿ ಮೊದಲ ಬಾರಿಗೆ ಅವಳದೇ ಆಗುತ್ತದೆ.

ಸಲೀಮನ ವಿವಾಹದ ಸಂದರ್ಭದಲ್ಲಿ ಬರುವ ಕೊನೆಯ ಮುಜ್ರಾದಲ್ಲಿ ಈ ಎರಡು ನೆಲೆಗಳೂ ಡಿಕ್ಕಿ ಹೊಡೆಯುತ್ತವೆ. ಪ್ರಿಯನೇ ಈಗ ಸಭಿಕ. ನೆಲದ ಮೇಲಿಟ್ಟರೆ ಕೊಳೆಯಾದಾವು ಎಂದು ಚೀಟಿ ಹೊಗಳಿದ್ದ ಪಾದಗಳು ಒಡೆದ ಗಾಜಿನ ಮೇಲೆ ಕುಣಿದು ರಕ್ತ ಸುರಿಸುತ್ತವೆ. ಹೊಗಳಿಕೆಯ ಭಾಷೆಗೆ ನಿಜವಾದ ಬೆಲೆ ತೆತ್ತವಳು ಹೆಣ್ಣೇ ಎಂಬುದನ್ನು ಮಾತಿಲ್ಲದೆ ಹೇಳುವ ಸನ್ನಿವೇಶವಿದು.

ಸಲೀಮನ ದಿಬ್ಬಣ ಕೋಠಾಕ್ಕೆ ಬರುವುದರೊಂದಿಗೆ ಚಿತ್ರ ಮುಗಿಯುತ್ತದೆ. ‘ಪಾಕೀಜಾ’, ಅಂದರೆ ಪರಿಶುದ್ಧೆ, ಎಂಬ ಹೆಸರನ್ನು ಅವಳಿಗಿತ್ತವನು ಗಂಡು. ಅದನ್ನು ಊರ್ಜಿತಗೊಳಿಸುವುದೂ ವಿವಾಹವೇ. ಈ ದೃಷ್ಟಿಯಿಂದ ಚಿತ್ರದ ಮುಕ್ತಾಯ ಪುರುಷಪ್ರಧಾನ ಮೌಲ್ಯಕ್ಕೆ ಶರಣಾಗಿದೆ ಎಂಬ ಆಕ್ಷೇಪ ನಿರಾಧಾರವಲ್ಲ. ಆದರೆ ದಿಬ್ಬಣವನ್ನು ನೋಡುತ್ತ ಕೋಠಾದಲ್ಲೇ ಉಳಿಯುವ ಎಳೆಯ ಹುಡುಗಿಯೊಬ್ಬಳನ್ನೂ ಚಿತ್ರ ತೋರಿಸುತ್ತದೆ. ಒಬ್ಬಳ ಬಿಡುಗಡೆಯಿಂದ ಬೀದಿ ಬದಲಾಗಿಲ್ಲ. ಕಥೆ ಮುಚ್ಚಿದ ಪ್ರಶ್ನೆಯನ್ನು ಗೀತೆಗಳು ತೆರೆದೇ ಇಟ್ಟಿವೆ. ಅವುಗಳನ್ನು ಮಾಧುರ್ಯಕ್ಕಷ್ಟೇ ಕೇಳುವವನೂ ಆ ಮೆಹಫಿಲಿನ ಸಭಿಕರ ಸಾಲಿನಲ್ಲೇ ಕುಳಿತಿರುತ್ತಾನೆ.